ಮುಗಿಯುತ್ತಾ, ಮೇಡಂ? – ನೆಲ-ಜಲ ಪ್ರಶ್ನೋತ್ತರ

ನೆಲದೊಳಗಿನ ಸಂಪತ್ತು ಮುಗಿಯುತ್ತಿದೆಯೇ ಎಂಬ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ತಿಂಗಳು ಕೇಳಿದ್ದೆವು. ಬಂದ ಕಾಗದಗಳನ್ನೆಲ್ಲ ನಾಗರಬಾವಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಎಣ್ಣೆ, ಚಿನ್ನ, ಮರಳು, ಗೊಬ್ಬರ, ನೀರು ಎಲ್ಲವನ್ನೂ ಕೇಳಿದ್ದೀರಿ. ನಾನು 31 ವರ್ಷ ಅಂತರ್ಜಲ ಹುಡುಕುವ ಕೆಲಸ ಮಾಡಿದವಳು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ ಓಡಾಡಿ ಬೋರ್‌ವೆಲ್‌ಗೆ ಪಾಯಿಂಟ್ ಮಾಡಿದ್ದೇನೆ. ಹಾಗಾಗಿ ಯಾವುದರ ಬಗ್ಗೆ ಕೇಳಿದರೂ ನನ್ನ ಮನಸ್ಸು ಮೊದಲು ಬೋರ್‌ವೆಲ್ ಹತ್ತಿರವೇ ಹೋಗಿ ನಿಲ್ಲುತ್ತದೆ. ಉತ್ತರವನ್ನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಹೊರಮಾವಿನಲ್ಲಿ 30x40 ಸೈಟಿನಲ್ಲಿ ಮನೆ ಕಟ್ಟಿದ್ದೇವೆ. ಮೊದಲು 450 ಅಡಿ ಬೋರ್ ಇತ್ತು. ಅದು ಒಣಗಿದ ಮೇಲೆ 900 ಅಡಿ ಕೊರೆಸಿದೆವು. 2024ರ ಮಾರ್ಚ್‌ನಲ್ಲಿ ಅದೂ ಕೈಕೊಟ್ಟಿತು. ಟ್ಯಾಂಕರ್ ನೀರಿನಲ್ಲಿ ದಿನ ದೂಡಿದೆವು. ರಿಗ್ ಗಾಡಿಯವರು 1,500 ಅಡಿಗೆ ಹೋದರೆ ನೀರು ಗ್ಯಾರಂಟಿ ಅಂತಾರೆ. ಹೋಗೋಣವಾ? – ಓದುಗರು, ಹೊರಮಾವು

ಬೇಡ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿದ್ದೀರಿ ಅಲ್ವಾ? ಅದು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ನೈಸ್ ಅಂತ ಅದರ ಹೆಸರು. ನಿಮ್ಮ ಮನೆಯ ಕೆಳಗೂ ಇರುವುದು ಅದೇ ಜಾತಿಯ ಕಲ್ಲು. ಅದರೊಳಗೆ ನೀರಿನ ಕೊಳ ಇಲ್ಲ, ಹರಿಯುವ ಹೊಳೆಯೂ ಇಲ್ಲ. ಮೇಲಿನ 60 ಅಡಿಯೋ 80 ಅಡಿಯೋ, ಕೆಲವು ಕಡೆ 100 ಅಡಿಯೋ, ಮಳೆ ಬಿಸಿಲಿಗೆ ಕಲ್ಲು ಕೊಳೆತು ಗರಸಾಗಿರುತ್ತದೆ. ನೀರು ಹಿಡಿದಿಡುವ ಜಾಗ ಅದು, ಪಾತ್ರೆ ಉಜ್ಜುವ ಸ್ಪಂಜಿನ ಹಾಗೆ. ಅದರ ಕೆಳಗೆ ಗಟ್ಟಿ ಕಲ್ಲು, ಅಲ್ಲಲ್ಲಿ ಬಿರುಕು. ಆ ಬಿರುಕಿಗೆ ನೀರು ಬರುವುದು ಮೇಲಿನ ಸ್ಪಂಜಿನಿಂದಲೇ. ಆಳಕ್ಕೆ ಹೋದಷ್ಟೂ ಬಿರುಕುಗಳು ಕಡಿಮೆ, ಇದ್ದವೂ ಬಿಗಿದುಕೊಂಡಿರುತ್ತವೆ. 1,500 ಅಡಿಯಲ್ಲಿ ನೀರು ಸಿಕ್ಕರೂ ಅದು ಎಷ್ಟೋ ಕಾಲದಿಂದ ಅಲ್ಲೇ ಕೂತಿದ್ದ ನೀರು. ಒಂದೆರಡು ಬೇಸಿಗೆ ಎತ್ತಿದರೆ ಖಾಲಿ. ಮೇಲಿಂದ ಇಳಿದು ಅದನ್ನು ತುಂಬಲು ಸ್ಪಂಜಿನಲ್ಲೇ ನೀರಿಲ್ಲವಲ್ಲ.

ಒಂದು ಊರಿನ ಕಥೆ ಹೇಳಬೇಕು. 1987ರ ಬೇಸಿಗೆ, ಮಾಲೂರು ತಾಲ್ಲೂಕು. ಒಂದು ಹೊಲದಲ್ಲಿ ಪಾಯಿಂಟ್ ಮಾಡಿದ್ದೆ. ರಿಗ್ ಕೊರೆಯುವಾಗ ಮೊದಲು ಕೆಂಪು ಹುಡಿ ಬರುತ್ತದೆ, ಆಮೇಲೆ ಹಳದಿ, ಆಮೇಲೆ ಬೂದು ಬಣ್ಣದ್ದು. ಹತ್ತು ಅಡಿಗೊಂದು ಹಿಡಿ ಹುಡಿ ತೆಗೆದು ಹಳೇ ಪೇಪರ್ ಮೇಲೆ ಸಾಲಾಗಿ ಗುಡ್ಡೆ ಮಾಡಿ ಇಡುವುದು ನನ್ನ ಅಭ್ಯಾಸ. 170 ಅಡಿ ದಾಟಿದ ಮೇಲೆ ಹುಡಿ ಒದ್ದೆಯಾಗಿ ಕೈಯಲ್ಲಿ ಉಂಡೆ ಕಟ್ಟಿತು. 180ಕ್ಕೆ ನೀರು ಮೇಲಕ್ಕೆ ಹೊಮ್ಮಿತು. ಎರಡಿಂಚು ನೀರು! ಆ ಮನೆಯಾಕೆ ಕೇಸಿಂಗ್ ಪೈಪಿಗೆ ಅರಿಶಿನ ಕುಂಕುಮ ಹಚ್ಚಿ, ನನ್ನ ಹಣೆಗೂ ಹಚ್ಚಿದರು. ನನಗೆ ಅಷ್ಟು ಸಂತೋಷವಾಗಿತ್ತು.

ಆ ಹೊಲದಿಂದ ನೂರು ಮಾರು ಆಚೆ ಇನ್ನೊಬ್ಬರ ತೆರೆದ ಬಾವಿ ಇತ್ತು. ಕಲ್ಲಿನ ಮೆಟ್ಟಿಲು, ದಡದ ಕಲ್ಲಿನಲ್ಲಿ ಕಪಿಲೆಯ ಹಗ್ಗ ತಿಕ್ಕಿ ಆಗಿದ್ದ ಗುಳಿ. ಮೂರನೇ ಬೇಸಿಗೆಗೆ ಅದು ಒಣಗಿತು. ಬಾವಿಯ ಯಜಮಾನರು ನನ್ನನ್ನು ಬೈಯಲಿಲ್ಲ. "ನಮ್ಗೂ ಒಂದು ಪಾಯಿಂಟ್ ಮಾಡ್ಕೊಡಿ ಅಮ್ಮಾ" ಎಂದರು. ಮಾಡಿಕೊಟ್ಟೆ. ಅದು 320 ಅಡಿ ಹೋಯಿತು. ಅದಾದ ಮೇಲೆ ಪಕ್ಕದವರು 500. ನಾನು ನಿವೃತ್ತಿಯಾಗಿ ಮನೆಗೆ ಬರುವ ಹೊತ್ತಿಗೆ ಆ ಊರಲ್ಲಿ 1,200 ಅಡಿಗೂ ಬರೀ ಧೂಳು ಬರುತ್ತಿತ್ತು. ಸಾಲ ಮಾಡಿ ಮೂರು ಮೂರು ಬೋರ್ ಫೇಲ್ ಆದವರನ್ನು ನೋಡಿದ್ದೇನೆ. ಆ ಮೆಟ್ಟಿಲು ಬಾವಿ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅದನ್ನು ಒಣಗಿಸಿದ್ದರಲ್ಲಿ ನನ್ನ ಪಾಲೂ ಇದೆ.

ನೆಲದ ಸಂಪತ್ತು ಕರಗುವುದು ಹೀಗೆ. ಸಕ್ಕರೆ ಡಬ್ಬದ ಹಾಗೆ ಒಂದು ಬೆಳಿಗ್ಗೆ ಖಾಲಿಯಾಗುವುದಿಲ್ಲ. ಕೈಗೆಟುಕುವಷ್ಟು ಮೇಲಿರುವುದು ಮೊದಲು ಹೋಗುತ್ತದೆ. ಆಮೇಲೆ ದುಡ್ಡಿದ್ದವರಿಗೆ ಮಾತ್ರ ಎಟುಕುತ್ತದೆ. ಕೊನೆಗೆ ಅವರಿಗೂ ಎಟುಕುವುದಿಲ್ಲ. ಇನ್ನು ಮುಂದಿನ ಉತ್ತರಗಳಲ್ಲೂ ಈ 'ಎಟುಕು' ಅನ್ನುವ ಮಾತು ಬರುತ್ತಲೇ ಇರುತ್ತದೆ.

ಈಗ ನಿಮ್ಮ ಮನೆಯ ಲೆಕ್ಕ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ನಿಮ್ಮ 30x40 ಸೈಟಿನ ಮೇಲೆ ಬೀಳುವುದು ವರ್ಷಕ್ಕೆ ಒಂದು ಲಕ್ಷ ಲೀಟರ್ ಮೇಲೆ ಸ್ವಲ್ಪ. ನಾಲ್ಕು ಜನರ ಮನೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ ವರ್ಷಕ್ಕೆ ಬೇಕಾಗುವುದು ಎರಡು ಲಕ್ಷ ಲೀಟರ್‌ಗೆ ಹತ್ತಿರ. ಅಂದರೆ ನಿಮ್ಮ ತಲೆ ಮೇಲೆ ಬೀಳುವ ಅಷ್ಟೂ ಮಳೆಯನ್ನು ಒಂದು ಹನಿ ಬಿಡದೆ ಹಿಡಿದರೂ ಅರ್ಧ ವರ್ಷಕ್ಕೆ ಸಾಕು. ನಮ್ಮ ಕಡೆಯ ಗಟ್ಟಿ ಕಲ್ಲಿನ ನೆಲದಲ್ಲಿ ಮಳೆಯ ಹತ್ತನೇ ಒಂದು ಪಾಲು ಒಳಕ್ಕೆ ಇಳಿದರೆ ಅದೇ ಹೆಚ್ಚು. ಸಿಮೆಂಟ್ ಹಾಕಿದ ಅಂಗಳ, ಡಾಂಬರು ರಸ್ತೆಯಲ್ಲಿ ಅದೂ ಇಲ್ಲ. ಅದೇ ಸೈಟಿನ ಮೇಲೆ ನಾಲ್ಕು ಮಹಡಿ ಎಬ್ಬಿಸಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ.

ಊರೂ ಹೀಗೆಯೇ ಕೈ ಉದ್ದ ಮಾಡುತ್ತಾ ಹೋಗಿದೆ. 1890ರ ದಶಕದಲ್ಲಿ ಹೆಸರಘಟ್ಟ. 1933ರಲ್ಲಿ ತಿಪ್ಪಗೊಂಡನಹಳ್ಳಿ. 1974ರಲ್ಲಿ ಕಾವೇರಿ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಹತ್ತಿರ ಪೈಪ್‌ನಲ್ಲಿ, ಸುಮಾರು ಅರ್ಧ ಕಿಲೋಮೀಟರ್ ಮೇಲಕ್ಕೆ ಎತ್ತಿ ತರುವ ನೀರು ಅದು. ನೀವು ನಲ್ಲಿ ತಿರುಗಿಸಿದಾಗ ಬರುವುದರಲ್ಲಿ ಅರ್ಧ ನೀರು, ಅರ್ಧ ಕರೆಂಟು ಅಂತಲೇ ನಾನು ಹೇಳುವುದು.

ನೀವು ಮಾಡಬೇಕಾದ್ದು ಇಷ್ಟು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿದೆ, ದಿನಕ್ಕೆ 77.5 ಕೋಟಿ ಲೀಟರ್‌ನದು. ಅದು ನಿಮ್ಮ ಕಡೆಯಂಥ, ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳಿಗೆಂದೇ ಆದದ್ದು. ಸಂಪರ್ಕ ಇಲ್ಲದಿದ್ದರೆ ಮೊದಲು ಅದನ್ನು ತೆಗೆದುಕೊಳ್ಳಿ. 1,500 ಅಡಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ತೆಗೆದು ಚಾವಣಿ ನೀರಿಗೆ ಫಿಲ್ಟರ್ ಹಾಕಿಸಿ, ಸಂಪ್‌ಗೆ ಬಿಡಿ. ಸಂಪು ತುಂಬಿ ಹೆಚ್ಚಾದದ್ದು ಮೂರು ಅಡಿ ಅಗಲ, 20 ಅಡಿ ಆಳದ ಇಂಗುಬಾವಿಗೆ ಹೋಗಲಿ. ಒಣಗಿದ ಬೋರ್‌ಗೆ ಅಂಗಳದ ನೀರನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಕೊಳಕು ನೀರು ಒಮ್ಮೆ ಬಿರುಕಿಗೆ ಇಳಿದರೆ ತೊಳೆಯುವುದಕ್ಕೆ ಆಗುವುದಿಲ್ಲ.

ಪ್ರಶ್ನೆ: ಪೆಟ್ರೋಲ್ ಇನ್ನು 50 ವರ್ಷಕ್ಕೆ ಮುಗಿಯುತ್ತದೆ ಎಂದು ನಮ್ಮ ಲೆಕ್ಚರರ್ ಹೇಳಿದರು. ನಮ್ಮ ತಾತ ಕಾಲೇಜಿನಲ್ಲಿದ್ದಾಗಲೂ ಇನ್ನು 30 ವರ್ಷ ಅಂತಿದ್ದರಂತೆ. ಯಾರ ಮಾತು ನಂಬಬೇಕು? – ಪಿಯುಸಿ ವಿದ್ಯಾರ್ಥಿನಿ, ವಿಜಯನಗರ

ಇಬ್ಬರೂ ಸುಳ್ಳು ಹೇಳಿಲ್ಲ ಪುಟ್ಟಿ. ಆ 50 ಎಲ್ಲಿಂದ ಬಂತು ಅಂತ ನೀನೇ ಲೆಕ್ಕ ಹಾಕಿ ನೋಡು. ಜಗತ್ತಿನಲ್ಲಿ ಗೊತ್ತಿರುವ, ಇವತ್ತಿನ ಬೆಲೆಗೆ ತೆಗೆಯಬಹುದಾದ ಕಚ್ಚಾ ಎಣ್ಣೆ ಸುಮಾರು 1.7 ಲಕ್ಷ ಕೋಟಿ ಬ್ಯಾರಲ್. ದಿನಕ್ಕೆ ಉರಿಸುವುದು ಸುಮಾರು 10 ಕೋಟಿ ಬ್ಯಾರಲ್. ಒಂದು ಬ್ಯಾರಲ್ ಅಂದರೆ 159 ಲೀಟರ್. ಭಾಗಿಸಿದರೆ 47 ವರ್ಷ ಬರುತ್ತದೆ. 1980ರ ಸುಮಾರಿಗೆ ಇದೇ ಭಾಗಾಕಾರ 30 ವರ್ಷ ಎನ್ನುತ್ತಿತ್ತು. ನಿಮ್ಮ ತಾತ ಕೇಳಿದ್ದು ಅದು.

'ಗೊತ್ತಿರುವ', 'ಇವತ್ತಿನ ಬೆಲೆಗೆ' ಅನ್ನುವ ಎರಡು ಮಾತುಗಳ ಕೆಳಗೆ ಗೆರೆ ಎಳೆದುಕೋ. ಬೆಲೆ ಏರಿದರೆ, ಹೊಸ ಯಂತ್ರ ಬಂದರೆ, ನಿನ್ನೆ ಎಟುಕದ್ದು ಇವತ್ತು ಎಟುಕುತ್ತದೆ. ಅಮೆರಿಕದಲ್ಲಿ ಹಬರ್ಟ್ ಅಂತ ಒಬ್ಬ ಭೂವಿಜ್ಞಾನಿ ಇದ್ದರು. ತಮ್ಮ ದೇಶದ ಎಣ್ಣೆ ಉತ್ಪಾದನೆ 1970ರ ಸುಮಾರಿಗೆ ತುದಿ ಮುಟ್ಟಿ ಇಳಿಯುತ್ತದೆ ಎಂದು 1956ರಲ್ಲೇ ಹೇಳಿದರು. ಹಾಗೆಯೇ ಆಯಿತು, 1970ರಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯಿತು. ಆಮೇಲೆ ಜೇಡಿಗಲ್ಲನ್ನು ನೀರಿನ ಒತ್ತಡದಿಂದ ಒಡೆದು ಎಣ್ಣೆ ತೆಗೆಯುವುದು ಶುರುವಾಯಿತು. 2018ರಲ್ಲಿ ಆ ಹಳೇ ತುದಿಯನ್ನೂ ದಾಟಿದರು. ನಮ್ಮ ಹತ್ತಿರದ್ದೇ ಒಂದು ಉಲ್ಟಾ ಉದಾಹರಣೆ ಇದೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಬ್ಯಾಟರಿಗೆ ಬೇಕಾಗುವ ಲಿಥಿಯಂ ಲೋಹ 14,100 ಟನ್ ಇದೆ ಎಂದು 2020ರಲ್ಲಿ ಸುದ್ದಿಯಾಯಿತು. ಆಮೇಲೆ ಸರ್ಕಾರ ಕೊಟ್ಟ ಅಂದಾಜು 1,600 ಟನ್. ನೆಲದೊಳಗಿನ ಲೆಕ್ಕ ಯಾವಾಗಲೂ ಅಲ್ಲಾಡುತ್ತಲೇ ಇರುತ್ತದೆ.

ಆದರೆ ಎಣ್ಣೆಯ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಖಾಲಿಯಾಗುವುದರದ್ದಲ್ಲ. ಉರಿಸಿದ್ದೆಲ್ಲ ಎಲ್ಲಿಗೆ ಹೋಗುತ್ತದೆ ಹೇಳು? ಕಾರ್ಖಾನೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಪಾಲು ಇಂಗಾಲದ ಡೈಆಕ್ಸೈಡ್ ಇತ್ತು. ಈಗ 420 ದಾಟಿದೆ. ತೊಟ್ಟಿ ಖಾಲಿಯಾಗುವ ಮೊದಲೇ ಮೋರಿ ಕಟ್ಟಿಕೊಳ್ಳುತ್ತಿದೆ. ನಿನ್ನ ಲೆಕ್ಚರರ್‌ಗೆ ಈ ಲೆಕ್ಕವನ್ನೂ ತೋರಿಸು, ಅವರು ಖುಷಿ ಪಡುತ್ತಾರೆ.

ಪ್ರಶ್ನೆ: ನಮ್ಮ ತಂದೆ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. ಒಳಗೆ ಇನ್ನೂ ಚಿನ್ನ ಇದೆ, ಸುಮ್ನೆ ಮುಚ್ಚಿದರು ಅನ್ನುತ್ತಾರೆ. ನಿಜವಾ? – ಓದುಗರು, ಕೆ.ಆರ್. ಪುರ

ಚಿನ್ನ ಇದೆ ಎಂಬುದು ನಿಜ. ಸುಮ್ನೆ ಮುಚ್ಚಿದರು ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ.

1880ರಲ್ಲಿ ಅಲ್ಲಿ ದೊಡ್ಡದಾಗಿ ಗಣಿ ಕೆಲಸ ಶುರುವಾದಾಗ ಚಿನ್ನದ ಪದರ ನೆಲದ ಹತ್ತಿರವೇ ಇತ್ತು. ಒಂದು ಟನ್ ಕಲ್ಲು ಒಡೆದರೆ ಹತ್ತಾರು ಗ್ರಾಂ ಸಿಗುತ್ತಿತ್ತು. ಆ ಗಣಿಗೋಸ್ಕರವೇ 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಪದರವನ್ನು ಹಿಂಬಾಲಿಸುತ್ತಾ ಹೋಗಿ ಕೊನೆಗೆ ಮೂರು ಕಿಲೋಮೀಟರ್‌ಗಿಂತ ಕೆಳಗೆ ಇಳಿದರು. ಅಷ್ಟು ಆಳದಲ್ಲಿ ಕಲ್ಲು ಮುಟ್ಟಿದರೆ ಕೈ ಸುಡುತ್ತದೆ. ತಂಪು ಗಾಳಿ ಕಳಿಸಬೇಕು, ನೀರು ಎತ್ತಿ ಹೊರಗೆ ಹಾಕಬೇಕು, ಮೇಲಿನ ಭಾರಕ್ಕೆ ಕಲ್ಲು ಸಿಡಿಯುತ್ತದೆ. ನಿಮ್ಮ ತಂದೆಯವರಿಗೆ ಆ ಸಿಡಿತದ ಸದ್ದು ಗೊತ್ತಿರಲೇಬೇಕು. ಇಷ್ಟೆಲ್ಲ ಮಾಡಿ ಮೇಲೆ ತಂದ ಒಂದು ಟನ್ ಕಲ್ಲಿನಲ್ಲಿ ಕೊನೆಕೊನೆಗೆ ಇದ್ದದ್ದು ಮೂರು ನಾಲ್ಕು ಗ್ರಾಂ. ಖರ್ಚು ಗಿಟ್ಟಲಿಲ್ಲ. 2001ರ ಫೆಬ್ರುವರಿ 28ಕ್ಕೆ ನಿಂತುಹೋಯಿತು. 120 ವರ್ಷದಲ್ಲಿ 800 ಟನ್‌ಗೂ ಜಾಸ್ತಿ ಚಿನ್ನ ತೆಗೆದಿದ್ದರು.

ಚಿನ್ನ ಹೋಯಿತು, ಸೈನೈಡ್ ಹಾಕಿ ಚಿನ್ನ ಬೇರ್ಪಡಿಸಿದ ಮೇಲೆ ಸುರಿದ ಕಲ್ಲು ಪುಡಿಯ ದಿಬ್ಬಗಳು, ಸೈನೈಡ್ ದಿಬ್ಬಗಳು, ಉಳಿದವು. ಗಾಳಿ ಬೀಸಿದರೆ ಆ ಹುಡಿ ಮನೆಯೊಳಗೆ ಬಂದು ಕೂರುತ್ತದೆ. ಒಮ್ಮೆ ಅಲ್ಲಿ ಒಬ್ಬರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಗಾಳಿ ಎದ್ದ ಕೂಡಲೇ ಮನೆಯಾಕೆ ಮಾತು ನಿಲ್ಲಿಸಿ ಎದ್ದು, ಅನ್ನದ ಪಾತ್ರೆ, ನೀರಿನ ಬಿಂದಿಗೆ, ಮಗುವಿನ ತೊಟ್ಟಿಲು ಮೂರಕ್ಕೂ ಬಟ್ಟೆ ಹೊದಿಸಿ ಬಂದು ಕೂತರು. ಎಷ್ಟು ವರ್ಷದ ಅಭ್ಯಾಸವೋ ಏನೋ. ಗಣಿ ಮುಚ್ಚುವಾಗ ಲಾಭ ನಷ್ಟ ಬರೆಯುವ ಪುಸ್ತಕದಲ್ಲಿ ಆ ತೊಟ್ಟಿಲಿಗೆ ಜಾಗ ಇರಲಿಲ್ಲ. ನಿಮ್ಮ ತಂದೆಯವರು ತಮ್ಮ ನೆನಪುಗಳನ್ನು ಹೇಳುವಾಗ ದಯವಿಟ್ಟು ಬರೆದಿಡಿ. ಯಾವ ಆಳ, ಯಾವ ಶಾಫ್ಟ್, ಎಷ್ಟು ಸೆಖೆ, ಎಲ್ಲವೂ ಬೇಕು.

ಪ್ರಶ್ನೆ: ಹಳೇ ಮೊಬೈಲ್ ಐದು ಬೀರುವಿನಲ್ಲಿ ಇವೆ. ಅದರಲ್ಲೂ ಚಿನ್ನ ಇರುತ್ತದಂತೆ. ಏನು ಮಾಡಲಿ? – ಗೃಹಿಣಿ, ಮಲ್ಲೇಶ್ವರ

ಇದೆ, ಒಂದೊಂದರಲ್ಲಿ ಚೂರೇ ಚೂರು. ಆದರೆ ಒಂದು ಟನ್ ಹಳೇ ಫೋನ್ ಗುಡ್ಡೆ ಹಾಕಿದರೆ ಕೆಜಿಎಫ್‌ನ ಕೊನೆಗಾಲದ ಒಂದು ಟನ್ ಕಲ್ಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಚಿನ್ನ ಸಿಗುತ್ತದೆ. ಜೊತೆಗೆ ತಾಮ್ರ, ಕೋಬಾಲ್ಟ್. ಕಷ್ಟ ಏನೆಂದರೆ ಅದು ಲಕ್ಷಾಂತರ ಬೀರುಗಳಲ್ಲಿ ಚೆದುರಿಹೋಗಿದೆ. ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹದವರಿಗೇ ಕೊಡಿ. ಗುಜರಿಗೆ ಹಾಕಿದರೆ ಕೆಲವು ಕಡೆ ವೈರ್ ಸುಟ್ಟು, ಆಸಿಡ್‌ನಲ್ಲಿ ಅದ್ದಿ ತೆಗೆಯುತ್ತಾರೆ. ಆ ಹೊಗೆ ಕುಡಿಯುವುದು ಬಡವರ ಮಕ್ಕಳು. ಬ್ಯಾಟರಿ ಉಬ್ಬಿದ್ದರೆ ಇವತ್ತೇ ಮನೆಯಿಂದ ಆಚೆ ಕಳಿಸಿ.

ಪ್ರಶ್ನೆ: ನಾನು ಸಣ್ಣ ಕಂಟ್ರಾಕ್ಟರ್. ಮನೆ ಕಟ್ಟಿಸುವವರು ಹೊಳೆ ಮರಳೇ ಬೇಕು, ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ಬೇಡ ಅಂತ ಹಟ ಮಾಡುತ್ತಾರೆ. ರಾಜಸ್ಥಾನದಲ್ಲಿ ಅಷ್ಟು ಮರಳಿದೆಯಲ್ಲ, ಮರಳಿಗೂ ಬರವಾ? – ಓದುಗರು, ಕೆಂಗೇರಿ

ಮರುಭೂಮಿಯ ಮರಳು ಗಾಳಿಗೆ ಉರುಳಿ ಉರುಳಿ ನುಣ್ಣಗೆ ದುಂಡಗೆ ಆಗಿರುತ್ತದೆ. ಸಿಮೆಂಟಿನ ಜೊತೆ ಕಚ್ಚಿಕೊಳ್ಳುವುದಿಲ್ಲ. ಕಟ್ಟುವುದಕ್ಕೆ ಮೂಲೆ ಇರುವ ಕಾಳು ಬೇಕು. ಅದು ನಿಮಗೂ ಕೈಯಲ್ಲಿ ಮುಟ್ಟಿದರೆ ಗೊತ್ತಾಗುತ್ತದೆ. ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತದೆ ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗದ ಅಂದಾಜು. ನೀರು ಬಿಟ್ಟರೆ ಇಷ್ಟು ದೊಡ್ಡ ಪ್ರಮಾಣದಲ್ಲಿ ನಾವು ಬಳಸುವ ವಸ್ತು ಇನ್ನೊಂದಿಲ್ಲ.

ಹೊಳೆ ಮರಳು ಬರೀ ಮರಳಲ್ಲ, ಅದು ಹೊಳೆಯ ನೀರಿನ ತೊಟ್ಟಿ. ನಮ್ಮ ಬಯಲುಸೀಮೆಯ ಪಾಪಾಗ್ನಿ, ಉತ್ತರ ಪಿನಾಕಿನಿ, ಪಾಲಾರ್ ವರ್ಷದಲ್ಲಿ ಬಹುಕಾಲ ಮೇಲೆ ಒಣಗಿಯೇ ಇರುತ್ತಿದ್ದವು. ಆದರೆ ಮರಳು ಎರಡು ಮೊಳ ಕೈಯಲ್ಲಿ ತೋಡಿದರೆ ಒರತೆ. ಹೆಂಗಸರು ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬುವುದನ್ನು ನಾನೇ ನೋಡಿದ್ದೇನೆ. ಅಷ್ಟು ತಿಳಿಯಾದ ನೀರು. ಮರಳು ಲಾರಿ ಹತ್ತಿದ ಮೇಲೆ ಒರತೆಯೂ ಹೋಯಿತು, ಅಕ್ಕಪಕ್ಕದ ಬಾವಿಗಳೂ ಹೋದವು.

ಹಾಗಾಗಿ ನಿಮ್ಮ ಗಿರಾಕಿಗಳಿಗೆ ಧೈರ್ಯವಾಗಿ ಎಂ-ಸ್ಯಾಂಡ್ ಹೇಳಿ, ತೊಳೆದು ಜರಡಿ ಹಿಡಿದದ್ದು ತರಿಸಿ. ಆದರೆ ಅದೂ ಎಲ್ಲೋ ಒಂದು ಬೆಟ್ಟ. ಚಿಕ್ಕಬಳ್ಳಾಪುರದ ಕಡೆ ಹೋಗುವಾಗ ನಾನು ಗುರುತಿಗೆ ಇಟ್ಟುಕೊಂಡಿದ್ದ ಒಂದು ಗುಡ್ಡ ಈಗ ಅರ್ಧ ಇಲ್ಲ. ಹಳೇ ಮನೆ ಒಡೆದಾಗ ಬರುವ ಕಾಂಕ್ರೀಟನ್ನು ಕೆರೆ ಅಂಗಳಕ್ಕೆ ಸುರಿಯುವ ಬದಲು ಪುಡಿ ಮಾಡಿ ಪಾಯದ ಕೆಳಗೆ, ಪೇವರ್‌ಗೆ ಬಳಸಿ. ಬೆಂಗಳೂರಿನಲ್ಲಿ ಒಡೆಯುವ ಮನೆಗಳಿಗೇನು ಕಡಿಮೆ!

ಪ್ರಶ್ನೆ: ಡಿಎಪಿಗೆ ಸೊಸೈಟಿ ಮುಂದೆ ಕ್ಯೂ ನಿಂತು ಸಾಕಾಗಿದೆ. ಗೊಬ್ಬರವೂ ಮುಗಿಯುವ ವಸ್ತುವಾ? – ರೈತರು, ಮಾಗಡಿ

ಈ ಪ್ರಶ್ನೆ ಕೇಳಿದವರು ನೀವೊಬ್ಬರೇ. ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು.

ಡಿಎಪಿ ಚೀಲದ ಮೇಲೆ 18:46 ಅಂತ ಬರೆದಿರುತ್ತದೆ ಅಲ್ವಾ? 18 ಸಾರಜನಕ. ಅದನ್ನು ಗಾಳಿಯಿಂದ ಹಿಡಿಯುತ್ತಾರೆ, ಹಿಡಿಯುವುದಕ್ಕೆ ಗ್ಯಾಸ್ ಬೇಕು. 46 ರಂಜಕದ ಲೆಕ್ಕ. ಅದು ಕಲ್ಲಿನಿಂದ ಬರುತ್ತದೆ. ಆ ಕಲ್ಲು ಜಗತ್ತಿನಲ್ಲಿ ಗೊತ್ತಿರುವಷ್ಟರಲ್ಲಿ ಸುಮಾರು ನೂರಕ್ಕೆ 70 ಪಾಲು ಮೊರಾಕ್ಕೊ ಕಡೆಯೇ ಇದೆ. ನಮ್ಮಲ್ಲಿ ರಾಜಸ್ಥಾನದ ಉದಯಪುರದ ಹತ್ತಿರ ಜಾಮರಕೋಟ್ರಾದಲ್ಲಿ ಸ್ವಲ್ಪ ಇದೆ, ಸಾಲುವುದಿಲ್ಲ. ಹೆಚ್ಚು ಪಾಲು ಹೊರಗಿನಿಂದ ಬರಬೇಕು. ಎಲ್ಲೋ ಯುದ್ಧವಾದರೆ ಮಾಗಡಿಯಲ್ಲಿ ಕ್ಯೂ ಉದ್ದವಾಗುತ್ತದೆ.

ಪೆಟ್ರೋಲ್‌ಗೆ ಬದಲು ಕರೆಂಟ್ ಬರಬಹುದು. ರಂಜಕಕ್ಕೆ ಬದಲು ಇಲ್ಲ. ಅದಿಲ್ಲದೆ ರಾಗಿ ಕಾಳು ಕಟ್ಟುವುದಿಲ್ಲ, ಮಗುವಿಗೆ ಮೂಳೆ ಬೆಳೆಯುವುದಿಲ್ಲ. ಸಮಾಧಾನದ ವಿಷಯ ಏನೆಂದರೆ ಅದು ಉರಿದು ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ನಿಮ್ಮ ಹೊಲದಿಂದ ರಾಗಿಗೆ, ರಾಗಿಯಿಂದ ಬೆಂಗಳೂರಿನ ಊಟದ ತಟ್ಟೆಗೆ, ಅಲ್ಲಿಂದ ಕಕ್ಕಸಿಗೆ, ಕಕ್ಕಸಿನಿಂದ ಕೆರೆಗೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದು ನೆನಪಿದೆಯಾ? ಆ ನೊರೆಗೆ ಸೋಪಿನ ಪುಡಿ ಮುಖ್ಯ ಕಾರಣ. ಆದರೆ ಕೆರೆ ತುಂಬ ಕಳೆ ಹಬ್ಬುವುದಕ್ಕೆ ಕಾರಣ ನಿಮ್ಮಂಥವರ ಹೊಲದಿಂದ ಬಂದ ಇದೇ ಗೊಬ್ಬರ, ನಮ್ಮ ಹೊಟ್ಟೆಯ ಮೂಲಕ ಹಾದು ಬಂದದ್ದು.

ಹಿಂದಿನವರಿಗೆ ಇದರ ಅಂದಾಜು ಇತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗಾಡಿ ಕಟ್ಟಿಕೊಂಡು ಹೋಗಿ ಗೋಡು ತಂದು ಹೊಲಕ್ಕೆ ಹರಡುತ್ತಿದ್ದರು. ಕೆರೆಯ ಹೂಳೂ ಹೋಯಿತು, ಹೊಲಕ್ಕೂ ಸಾರ ಬಂತು. ಈಗ ಒಳಚರಂಡಿ ಇಲ್ಲದ ಬಡಾವಣೆಗಳಿಂದ ಹನಿಸಕ್ಕರ್ ಲಾರಿಯವರು ಕಕ್ಕಸು ಗುಂಡಿ ಖಾಲಿ ಮಾಡಿ ಸುತ್ತಮುತ್ತಲ ತೋಟಗಳಿಗೆ ಹಾಕುತ್ತಾರೆ. ಬಾಳೆ, ತೆಂಗು ಚೆನ್ನಾಗಿ ಬರುತ್ತದೆ ಎನ್ನುತ್ತಾರೆ ರೈತರು. ಹಸಿಯಾಗಿ ಮಾತ್ರ ಹಾಕಬೇಡಿ. ಗುಂಡಿಯಲ್ಲಿ ಒಣಹುಲ್ಲಿನ ಜೊತೆ ತಿಂಗಳುಗಟ್ಟಲೆ ಕೊಳೆತು ಕಾಯಬೇಕು. ಸೊಪ್ಪು, ಟೊಮೆಟೊ, ಕ್ಯಾರೆಟ್‌ಗೆ ಬೇಡವೇ ಬೇಡ. ಚೀಲ ತರುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ವರ್ಷವರ್ಷ ಡಿಎಪಿ ಹಾಕಿದ ಹೊಲದಲ್ಲಿ ರಂಜಕ ಮಣ್ಣಿಗೆ ಅಂಟಿಕೊಂಡು ಕೂತಿರುತ್ತದೆ. ಅರ್ಧ ಚೀಲದಲ್ಲೇ ಮುಗಿಯಬಹುದು.

ಊರಿಗೆ ಹೋದ ಸಾರವನ್ನು ಹಳ್ಳಿಗೆ ಚೊಕ್ಕವಾಗಿ ವಾಪಸ್ ಕಳಿಸುವ ದಾರಿ ಬೆಂಗಳೂರಿಗೆ ಇನ್ನೂ ಬಂದಿಲ್ಲ. ನೀರನ್ನಾದರೂ ಕಳಿಸುತ್ತಿದ್ದೇವೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಶುದ್ಧಿಯಾಗಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಬತ್ತಿದ್ದ ಎಷ್ಟೋ ಬೋರ್‌ಗಳಿಗೆ ಜೀವ ಬಂದಿದೆ. ಇನ್ನೂ ಒಂದು ಹಂತ ಶುದ್ಧಿ ಮಾಡಿ ಕಳಿಸಬೇಕು ಎಂದು ಅಲ್ಲಿಯವರು ಕೇಳುತ್ತಲೇ ಇದ್ದಾರೆ. ಅವರು ಕೇಳುವುದು ನ್ಯಾಯ. ನಮ್ಮ ಕೊಳೆ ಅವರ ಕುಡಿಯುವ ನೀರಿಗೆ ಇಳಿಯಬಾರದು.

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಂಡೆ. ಬ್ಯಾಟರಿಗೂ ಗಣಿ ತೋಡಬೇಕಲ್ಲ, ಇದರಿಂದ ಏನು ಪ್ರಯೋಜನ ಅಂತ ಸ್ನೇಹಿತರು ಹೇಳುತ್ತಾರೆ. – ಸಾಫ್ಟ್‌ವೇರ್ ಉದ್ಯೋಗಿ, ಎಚ್‌ಎಸ್‌ಆರ್ ಬಡಾವಣೆ

ಗಣಿ ತೋಡಬೇಕು, ಹೌದು. ವ್ಯತ್ಯಾಸ ಇಲ್ಲಿದೆ: ಪೆಟ್ರೋಲ್ ಉರಿದರೆ ಹೋಯಿತು. ಬ್ಯಾಟರಿಯೊಳಗಿನ ಲೋಹ ಹತ್ತು ವರ್ಷ ಆದ ಮೇಲೂ ಅಲ್ಲೇ ಇರುತ್ತದೆ. ಮನೆಯ ಯುಪಿಎಸ್ ಬ್ಯಾಟರಿ ಬದಲಿಸುವಾಗ ಹಳೆಯದಕ್ಕೆ ದುಡ್ಡು ಕಳೆದು ಕೊಡುತ್ತಾರಲ್ಲ, ಅದರ ಸೀಸ ಮತ್ತೆ ಬಳಕೆಗೆ ಬರುವುದರಿಂದಲೇ. ಲಿಥಿಯಂಗೂ ಅದೇ ಪದ್ಧತಿ ಬರಬೇಕು. ಕರೆಂಟ್ ಎಲ್ಲಿಂದ ಬರುತ್ತದೆ ಎಂಬುದೂ ಮುಖ್ಯ. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಮಳೆ ಕೈಕೊಟ್ಟ ಜಮೀನನ್ನು ರೈತರಿಂದ ಗೇಣಿಗೆ ತೆಗೆದುಕೊಂಡದ್ದು, ಕೊಂಡದ್ದಲ್ಲ. ಸ್ಕೂಟರ್ ಓಡಿಸಿ. ಬಸ್, ಮೆಟ್ರೋ ಸಿಗುವ ದಿನ ಅದನ್ನೂ ಮನೆಯಲ್ಲೇ ಬಿಡಿ.

ಪ್ರಶ್ನೆ: ನನಗೆ 74 ವರ್ಷ. ಚಾಮರಾಜಪೇಟೆಯ ನಮ್ಮ ಹಳೇ ಮನೆಯ ಹಿತ್ತಲಲ್ಲಿ ಕಲ್ಲಿನ ಬಾವಿ ಇದೆ. ಕಾವೇರಿ ಬಂದ ಮೇಲೆ ಚಪ್ಪಡಿ ಹಾಕಿ ಮುಚ್ಚಿದ್ದೆವು. ಈಗ ಮಗ ಅದನ್ನು ತುಂಬಿಸಿ ಕಾರು ನಿಲ್ಲಿಸುವ ಜಾಗ ಮಾಡೋಣ ಎನ್ನುತ್ತಾನೆ. ನಿಮ್ಮ ಸಲಹೆ? – ಓದುಗರು, ಚಾಮರಾಜಪೇಟೆ

ದಯವಿಟ್ಟು ತುಂಬಿಸಬೇಡಿ. ಕೈಮುಗಿದು ಕೇಳುತ್ತೇನೆ. ಬೋರ್ ಹಾಕಿದರೆ ಗಟ್ಟಿ ಕಲ್ಲಿನ ಬಿರುಕಿಗೆ ಕೈ ಹಾಕಿದ ಹಾಗೆ. ನಿಮ್ಮ ಬಾವಿ ಇರುವುದು ಮೇಲಿನ ಸ್ಪಂಜಿನಲ್ಲೇ. ಅಲ್ಲಿಂದ ತೆಗೆದದ್ದು ಮಳೆ ಬಂದರೆ ಮತ್ತೆ ತುಂಬುತ್ತದೆ, ನಿಮ್ಮ ಕಣ್ಣ ಮುಂದೆಯೇ.

ಚಪ್ಪಡಿ ತೆಗೆಸಿ ಒಂದೆರಡು ದಿನ ಗಾಳಿಯಾಡಲು ಬಿಡಿ. ಯಾರನ್ನೂ ತಕ್ಷಣ ಒಳಗೆ ಇಳಿಸಬೇಡಿ. ಮುಚ್ಚಿದ ಬಾವಿಯಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಪ್ರಾಣ ಹೋದ ಉದಾಹರಣೆಗಳಿವೆ. ಬೆಂಗಳೂರಿನ ಸುತ್ತ ಮಣ್ಣು ವಡ್ಡರ ಕುಟುಂಬಗಳು ತಲೆತಲಾಂತರದಿಂದ ಬಾವಿ ತೋಡುವುದು, ಹೂಳೆತ್ತುವುದು ಮಾಡುತ್ತಾ ಬಂದಿವೆ. ಅವರನ್ನೇ ಕರೆಸಿ. ಬಾವಿಯ ವಾಸನೆ, ಕಲ್ಲಿನ ಸದ್ದು ಅವರಿಗೆ ಗೊತ್ತು. ನಮ್ಮ ಮನೆಯ ಇಂಗುಬಾವಿ ತೋಡಿದವರು 12 ಅಡಿಗೆ ಹೋದಾಗ ಹಾರೆ ನಿಲ್ಲಿಸಿ, ಒಂದು ಹಿಡಿ ಮಣ್ಣು ಮೂಸಿ, "ಇನ್ನೊಂದು ಆಳು ಇಳಿದ್ರೆ ತಂಪು ಸಿಗ್ತದೆ ಅಮ್ಮಾ" ಎಂದರು. ನನ್ನ 31 ವರ್ಷದ ಯಂತ್ರಗಳು ಹೇಳುವುದನ್ನು ಅವರು ಒಂದು ಹಿಡಿಯಲ್ಲಿ ಹೇಳಿದರು. 17 ಅಡಿಗೆ ಮಣ್ಣು ಒದ್ದೆಯಾಯಿತು.

ಹೂಳೆತ್ತಿಸಿದ ಮೇಲೆ ಚಾವಣಿ ನೀರನ್ನು ಜಲ್ಲಿ, ಮರಳಿನ ಫಿಲ್ಟರ್ ದಾಟಿಸಿ ಬಾವಿಗೆ ಬಿಡಿ. ಮೇಲೆ ಕಬ್ಬಿಣದ ಜಾಲರಿ ಹಾಕಿಸಿ, ಅದರ ಮೇಲೆ ಬೇಕಾದರೆ ಸೊಳ್ಳೆ ಪರದೆ. ಹಳೇ ಬಡಾವಣೆಗಳಲ್ಲಿ ಒಳಚರಂಡಿ ಪೈಪ್ ಸೋರುವುದುಂಟು. ಹಾಗಾಗಿ ನೈಟ್ರೇಟ್ ಮತ್ತು ಕೋಲಿಫಾರ್ಮ್ (ಕೊಳಚೆ ಸೇರಿದೆಯೇ ಎಂದು ತಿಳಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಆಗುವ ತನಕ ಕುಡಿಯಬೇಡಿ. ಬಟ್ಟೆ, ಗಿಡ, ಕಕ್ಕಸಿಗೆ ಧಾರಾಳವಾಗಿ ಆಗುತ್ತದೆ. ಕಾರು ಗೇಟಿನ ಆಚೆ ನಿಲ್ಲಲಿ ಎಂದು ಮಗನಿಗೆ ನಾನು ಹೇಳಿದೆ ಅಂತ ಹೇಳಿ.

ಇನ್ನೊಂದು ಕೆಲಸ. ಒಂದು ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ. ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಬಾವಿಗೆ ಇಳಿಬಿಟ್ಟು ನೀರಿನ ಮಟ್ಟ ಎಷ್ಟು ಗಂಟಿಗೆ ಸಿಕ್ಕಿತು ಅಂತ ಕ್ಯಾಲೆಂಡರಿನ ಮೇಲೇ ಬರೆಯಿರಿ. ನಾನೂ ಹಾಗೆಯೇ ಬರೆಯುತ್ತೇನೆ. ನಮ್ಮದರಲ್ಲಿ ಹೋದ ವರ್ಷ ಏಪ್ರಿಲ್‌ನಲ್ಲಿ ತಳದಲ್ಲಿ ಬರೀ ಕೆಸರು, ಅಕ್ಟೋಬರ್ ಮಳೆ ಮುಗಿದ ಮೇಲೆ 9ನೇ ಗಂಟಿಗೇ ನೀರು. ನಿಮ್ಮ ಬಾವಿಯದನ್ನು ಆರು ತಿಂಗಳು ಬರೆದು ಈ ಅಂಕಣಕ್ಕೆ ಕಳಿಸಿ. ಚಾಮರಾಜಪೇಟೆಯ ನೆಲದೊಳಗೆ ನೀರು ಎಷ್ಟು ಮೇಲೆ ಬರುತ್ತದೆ ಎಂದು ನೋಡುವ ಆಸೆ ನನಗೂ ಇದೆ.